ಬೆಂಗಳೂರಿಗೆ ಬಂದ ಅಧಿಕಾರ ಚಳ್ಳಕೆರೆಗೆ ಯಾವಾಗ?

ನಮಸ್ಕಾರ, ದಾವಣಗೆರೆಯಿಂದ. ಶಿಕ್ಷಣದ ಅಧಿಕಾರ ದೆಹಲಿಯಿಂದ ರಾಜ್ಯಕ್ಕೆ ವಾಪಸ್ ಬರಲಿ ಅನ್ನುವ ಕೂಗಿದೆಯಲ್ಲ, ಅದರ ಬಗ್ಗೆ ನನ್ನದೂ ಒಂದು ಮಾತು.

ನಮ್ಮ ಪಕ್ಕದ ಮನೆಯಲ್ಲಿ ಅಕ್ಕ-ತಂಗಿ ಇದ್ದಾರೆ. ಅಕ್ಕ 2021ರಲ್ಲಿ ಬಿ.ಎ. ಸೇರಿದಳು, ತಂಗಿ 2024ರಲ್ಲಿ. ಅದೇ ಕಾಲೇಜು, ಅದೇ ದಾವಣಗೆರೆ ವಿಶ್ವವಿದ್ಯಾಲಯ. ಆದರೂ ಅಕ್ಕ ಜೋಪಾನ ಮಾಡಿಟ್ಟ ನೋಟ್ಸು ರದ್ದಿಗೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವು, 2021ರಲ್ಲಿ. ನಾಲ್ಕು ವರ್ಷದ ಡಿಗ್ರಿ ಅಂದರು. ಸರ್ಕಾರ ಬದಲಾಯಿತು. ರಾಜ್ಯಕ್ಕೆ ತನ್ನದೇ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಆಯೋಗ ಬಂತು. 2024ರಲ್ಲಿ ಮತ್ತೆ ಮೂರು ವರ್ಷ, ಪಠ್ಯವೂ ಬೇರೆ. ಈ ಎರಡು ಸಲವೂ ಇಲ್ಲಿನ ಮೇಷ್ಟ್ರುಗಳನ್ನು ಯಾರು ಕೇಳಿದರು?

ಶಿಕ್ಷಣ ಮೊದಲು ಸಂವಿಧಾನದ ರಾಜ್ಯಪಟ್ಟಿಯಲ್ಲಿ, ಅಂದರೆ ಮುಖ್ಯವಾಗಿ ರಾಜ್ಯದ ಕೈಯಲ್ಲಿ, ಇತ್ತು. ತುರ್ತುಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಹಾಕಿತು. ಅಂದರೆ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದು, ಜಟಾಪಟಿ ಬಿದ್ದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲುಗೈ. ನೀಟ್ ನೋಡಿ, ಮೆಡಿಕಲ್ ಸೀಟಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಅದಕ್ಕೂ ಮೊದಲು, 1994ರಲ್ಲಿ ಶುರುವಾದ ನಮ್ಮ ರಾಜ್ಯದ ಪರೀಕ್ಷೆ ಸಿಇಟಿಯಿಂದಲೇ ಮೆಡಿಕಲ್ ಸೀಟು ಹಂಚುತ್ತಿದ್ದೆವು. 2024ರಲ್ಲಿ ನಮ್ಮ ವಿಧಾನಸಭೆ ನೀಟ್ ಬೇಡ ಎಂದು ನಿರ್ಣಯ ಮಾಡಿತು. ಮುಂದಿನ ವರ್ಷ ಪರೀಕ್ಷೆ ತನ್ನ ಪಾಡಿಗೆ ನಡೆಯಿತು.

ಹಾಗಾಗಿ ಶಿಕ್ಷಣ ರಾಜ್ಯಕ್ಕೆ ವಾಪಸ್ ಬರಲಿ ಅನ್ನುವವರ ಜೊತೆ ನಾನೂ ಇದ್ದೇನೆ. ಆದರೆ ನನ್ನ ತಕರಾರು ಇರುವುದು ಬೆಂಗಳೂರಿನ ಮೇಲೂ.

ಚಳ್ಳಕೆರೆ ಕಡೆ ಶೇಂಗಾ ಕೀಳುವ ಹೊತ್ತಿಗೆ ಎಷ್ಟೋ ಮಕ್ಕಳು ಅಪ್ಪ-ಅಮ್ಮನ ಜೊತೆ ಹೊಲದಲ್ಲಿರುತ್ತಾರೆ. ಇದು ಹೆಡ್‌ಮಾಸ್ಟರಿಗೆ ಗೊತ್ತು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಗೊತ್ತು. ಆದರೆ ಶಾಲೆ ಯಾವಾಗ ಶುರು, ರಜೆ ಯಾವಾಗ ಎಂಬ ವೇಳಾಪಟ್ಟಿ ಬೆಂಗಳೂರಿನಿಂದ ಬರುತ್ತದೆ. ಅತಿಥಿ ಶಿಕ್ಷಕರು ಎಷ್ಟು ಜನ ಅನ್ನುವುದೂ ಅಲ್ಲಿಂದಲೇ. ಇವರಿಗೆ ಸುಣ್ಣ-ಬಣ್ಣದ ಚಿಂತೆ ಅಷ್ಟೇ ಉಳಿದದ್ದು, ಅಲ್ವಾ?

ಹೀಗಾಗಬೇಕಿರಲಿಲ್ಲ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್, ಅದೇ ನಮ್ಮ ನೀರ್ ಸಾಬ್, ಅವರ ಕಾಲದಲ್ಲಿ, 1987ರಲ್ಲಿ, ಈಗಿನ ಜಿಲ್ಲಾ ಪಂಚಾಯಿತಿಯಂಥ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು ಹಳ್ಳಿ ಶಾಲೆಗಳ ಆಡಳಿತ ಜಿಲ್ಲೆಯ ಕೈಗೆ ಬಂದಿತ್ತು. ಈಗ? ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಮತ ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ದೆಹಲಿ ನಮ್ಮ ಹಕ್ಕು ಕಿತ್ತುಕೊಂಡಿತು ಎಂದು ಕೂಗುವ ಪಕ್ಷಗಳು, ಎಲ್ಲವೂ, ಈ ವಿಷಯಕ್ಕೆ ಬಂದರೆ ಗಪ್‌ಚುಪ್.

ಶಾಲೆಯ ರಜೆ, ಖಾಲಿ ಹುದ್ದೆಗೆ ತಾತ್ಕಾಲಿಕ ಮೇಷ್ಟ್ರು, ಸೋರುವ ಕೋಣೆಯ ರಿಪೇರಿ. ಸದ್ಯಕ್ಕೆ ಈ ಮೂರನ್ನಾದರೂ ಜಿಲ್ಲೆಗೆ ಬಿಡಿ, ದುಡ್ಡಿನ ಸಮೇತ. ಸುಮ್ನೆ ಸುತ್ತೋಲೆ ಬೇಡ.

ನಿಮ್ಮೂರಿನ ಎಸ್‌ಡಿಎಂಸಿ ಕೊನೆಯ ಸಲ ಸಭೆ ಸೇರಿದ್ದು ಯಾವಾಗ? ಗೊತ್ತಿದ್ದವರು ಕೆಳಗೆ ಬರೆಯಿರಿ.