ರಜೆಯ ದುಡ್ಡು ರೇಟಿನೊಳಗೇ ಇರಬೇಕು

ನಮಸ್ಕಾರ ಶಿವಮೊಗ್ಗ, ನಮಸ್ಕಾರ ಮಲೆನಾಡು.

ಹೋದ ವಾರದ ವಿಡಿಯೋ ಕೆಳಗೆ ಒಂದು ಕಮೆಂಟ್ ಬಿದ್ದಿದೆ. "ಸ್ವಂತ ಅಂಗಡಿ ಇಟ್ಟವನಿಗೆ ರಜೆ ಎಂತದು ಮಾರಾಯ್ರೇ? ಒಂದು ಭಾನುವಾರ ಶಟರ್ ಎಳೆದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ." ಅದಕ್ಕೆ ಬಿದ್ದ ಲೈಕು ನೋಡಿ ಸಿಟ್ಟು ಬಂತು. ಬರೆದವರ ಮೇಲೆ ಸಿಟ್ಟಿಲ್ಲ, ಆ ಲೆಕ್ಕದ ಮೇಲೆ ಸಿಟ್ಟು. ಗಾಂಧಿ ಬಜಾರ್, ದುರ್ಗಿಗುಡಿಯಿಂದ ಹಿಡಿದು ರಿಪ್ಪನ್‌ಪೇಟೆ, ಕೋಣಂದೂರಿನ ತನಕ ಎಷ್ಟೋ ಟೈಲರ್, ವೆಲ್ಡರ್, ಗ್ಯಾರೇಜಿನವರು ಇದೇ ಲೆಕ್ಕ ನಂಬಿ ಬೆನ್ನು ಕಳ್ಕೊಳ್ತಿದ್ದಾರೆ.

ನಾನು ಹೇಳೋದು ಒಂದೇ ಮಾತು. ನಿಮ್ಮ ರಜೆಯ ದುಡ್ಡು ನಿಮ್ಮ ರೇಟಿನೊಳಗೇ ಇರಬೇಕು. ಇಲ್ಲದಿದ್ರೆ ಆ ರಜೆ ನಿಮಗೆ ಯಾವತ್ತೂ ಸಿಗೋದಿಲ್ಲ.

ಒಬ್ಬ ಟೈಲರ್ ಲೆಕ್ಕ ತಗೊಳ್ಳಿ. ಮನೆ ಖರ್ಚು, ಅಂಗಡಿ ಬಾಡಿಗೆ, ಕರೆಂಟು, ಎಲ್ಲ ಸೇರಿ ತಿಂಗಳಿಗೆ 36,000 ಅಂತಿಟ್ಕೊಳ್ಳಿ. ಎಲ್ಲರೂ ಮಾಡೋದೇನು? ಮೂವತ್ತರಿಂದ ಭಾಗಿಸಿ ದಿನಕ್ಕೆ 1,200. ಹನ್ನೆರಡು ಗಂಟೆ ಕೆಲಸ, ಗಂಟೆಗೆ 100. ಲೈನಿಂಗ್ ಬ್ಲೌಸಿಗೆ ಒಂದೂವರೆ ಗಂಟೆ ಹಿಡಿದ್ರೆ 150 ರೂಪಾಯಿ ಮಜೂರಿ. ಇದರಲ್ಲಿ ಎರಡು ತಪ್ಪಿದೆ. ಒಂದು, ತಿಂಗಳ ಮೂವತ್ತೂ ದಿನ ನೀವು ಮಿಷನ್ ಮೇಲೆ ಕೂತಿರ್ತೀರಿ ಅಂತ ಹಿಡಿದದ್ದು. ಇನ್ನೊಂದು, ಹನ್ನೆರಡು ಗಂಟೆಗೂ ಯಾರೋ ದುಡ್ಡು ಕೊಡ್ತಾರೆ ಅಂತ ಹಿಡಿದದ್ದು. ಅಳತೆ ತಗೊಳ್ಳೋದು, ಫೋನು, ಚೌಕಾಸಿ, ದಾರ ಹುಕ್ಕು ತರೋಕೆ ಪೇಟೆಗೆ ಓಡೋದು, ಇದಕ್ಕೆ ಯಾರು ಕೊಡ್ತಾರೆ?

ಈಗ ಸರಿ ಲೆಕ್ಕ ಬರ್ಕೊಳ್ಳಿ. ವರ್ಷಕ್ಕೆ ಬೇಕಾದದ್ದು 4,32,000. 365ರಲ್ಲಿ 52 ಭಾನುವಾರ ತೆಗೀರಿ, 313. ಹಬ್ಬಕ್ಕೆ 12, ಜ್ವರ ಕೆಮ್ಮಿಗೆ 12, ನೆಂಟರ ಮದುವೆ, ಬ್ಯಾಂಕು, ಮಿಷನ್ ಸರ್ವೀಸಿಗೆ 9. ಉಳಿದದ್ದು 280 ದಿನ. ಭಾಗಿಸಿದ್ರೆ ದಿನಕ್ಕೆ 1,543. ಅಂಗಡಿಯಲ್ಲಿ ಎಂಟು ಗಂಟೆ ಇದ್ರೂ ಹೊಲಿಗೆಗೆ ಸಿಗೋದು ಆರು. ಅಂದ್ರೆ ಗಂಟೆಗೆ 257, ಒಂದೂವರೆ ಗಂಟೆಯ ಬ್ಲೌಸಿಗೆ ಸುಮಾರು 385. ಲೈನಿಂಗ್ ಬಟ್ಟೆ, ದಾರ, ಹುಕ್ಕಿನ ದುಡ್ಡು ಬೇರೆ.

150 ಎಲ್ಲಿ, 385 ಎಲ್ಲಿ! ಆ ಅಂತರವನ್ನ ತುಂಬ್ತಿರೋದು ನಿಮ್ಮ ನಿದ್ದೆ ಕಣ್ರಿ. ರಾತ್ರಿ ಹತ್ತರ ಟ್ಯೂಬ್‌ಲೈಟ್ ಕೆಳಗೆ ನೀವೇ ತುಂಬ್ತಿದ್ದೀರಿ.

ಆರೋಗ್ಯದ ಮಾತಿಗೆ ಬರ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಸೇರಿ ಹೊರಡಿಸಿದ ಅಂದಾಜು ಇದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯೋರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯೋ ಅಪಾಯ ಶೇ. 17 ಹೆಚ್ಚು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತು, ಏಳೂ ದಿನ, ಊಟದ ಒಂದು ಗಂಟೆ ಕಳೆದರೂ 84 ಆಗುತ್ತೆ. ನಿಮ್ಮಂಗಡಿಯಲ್ಲಿ ಕೆಲಸಕ್ಕಿರೋ ಹುಡುಗನಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಗೆರೆ ಹಾಕಿದೆ. ಮಾಲೀಕರಾದ ನಿಮಗೆ ಗೆರೆ ಹಾಕೋರು ಯಾರೂ ಇಲ್ಲ. ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ಇಎಸ್‌ಐ, ಅಂದ್ರೆ ಸರ್ಕಾರದ ಕಾರ್ಮಿಕ ವಿಮೆ, ಇರೋ ಕಾರ್ಮಿಕ ಕಾಯಿಲೆ ಬಿದ್ರೆ, ನಿಯಮದ ಪ್ರಕಾರ ವರ್ಷಕ್ಕೆ 91 ದಿನದ ತನಕ ಕೂಲಿಯ ಶೇ. 70 ಸಿಗುತ್ತೆ. ನೀವು ಬಿದ್ರೆ ಶೂನ್ಯ. ಅದಕ್ಕೇ ಆ 12 ದಿನದ ಕಾಯಿಲೆ ದುಡ್ಡು ಮೊದಲೇ ರೇಟಿನೊಳಗೆ ಕೂತಿರಬೇಕು ಅನ್ನೋದು. ತಿಂಗಳಿಗೊಂದು ದಿನದ್ದು, 1,543 ರೂಪಾಯಿ, ಬೇರೆ ಖಾತೆಗೆ ಹಾಕಿಡಿ. ಗಲ್ಲಾಪೆಟ್ಟಿಗೆಯಲ್ಲಿ ಇಟ್ರೆ ಉಳಿಯೋದಿಲ್ಲ.

"ರೇಟು ಏರಿಸಿದ್ರೆ ಗಿರಾಕಿ ಓಡ್ತಾರೆ" ಅಂತ ಈಗ ಟೈಪ್ ಮಾಡ್ತಿದ್ದೀರಿ, ಗೊತ್ತು. ಒಂದೇ ಸಲ 385 ಮಾಡಿ ಅಂದವರ್ಯಾರು? ಮೊದಲು ಅರ್ಜೆಂಟ್ ಕೆಲಸಕ್ಕೆ ಅರ್ಧ ರೇಟು ಹೆಚ್ಚು ಹಾಕಿ, ಇವತ್ತಿಂದಲೇ. ಆಮೇಲೆ ಹೊಸ ಗಿರಾಕಿಗೆ ಹೊಸ ರೇಟು. ಹಳಬರಿಗೆ ದೀಪಾವಳಿ ಗದ್ದಲ ಮುಗಿದ ಮೇಲೆ ನೂರಕ್ಕೆ ಹದಿನೈದು, ಮುಂದಿನ ಯುಗಾದಿಗೆ ಇನ್ನೊಂದು ಹದಿನೈದು. ರೇಟಿನ ಬೋರ್ಡ್ ಬರೆಸಿ ಹಾಕಿ, ಬಾಯಲ್ಲಿ ಹೇಳಿದ ರೇಟಿಗೆ ಚೌಕಾಸಿ ತಪ್ಪೋದಿಲ್ಲ.

ಆರ್ಡರ್ ಪುಸ್ತಕವನ್ನ ತುಂಡಿನ ಲೆಕ್ಕದಲ್ಲಿ ಇಡಬೇಡಿ, ಗಂಟೆಯಲ್ಲಿ ಇಡಿ. ವಾರಕ್ಕೆ 36 ಗಂಟೆ ಅಂದ್ರೆ 24 ಬ್ಲೌಸ್. ನಾಲ್ಕರ ಜಾಗ ಆಲ್ಟರೇಶನ್‌ಗೆ ಬಿಡಿ, 20 ಮಾತ್ರ ಒಪ್ಕೊಳ್ಳಿ, ಇಪ್ಪತ್ತೊಂದನೆಯದಕ್ಕೆ ಮುಂದಿನ ವಾರದ ತಾರೀಕು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತಲ್ಲ, ಅಂಥ ವರ್ಷ ಜಾತ್ರೆಗೆ ಹನ್ನೆರಡು ದಿನ ಮೊದಲೇ ಪುಸ್ತಕ ಮುಚ್ಚಿ. ರಾತ್ರಿ ಹತ್ತರ ಮೇಲೆ ಕತ್ತರಿಯನ್ನ ಮಾತ್ರ ಮುಟ್ಟಲೇಬೇಡಿ. ನಿದ್ದೆಗಣ್ಣಲ್ಲಿ ಕತ್ತರಿಸಿದ್ರೆ ಎರಡೂ ತೋಳು ಒಂದೇ ಕಡೆಯದಾಗಿ ಬರುತ್ತೆ, ರೇಷ್ಮೆ ಬಟ್ಟೆಯಾದ್ರೆ ವಾರದ ದುಡಿಮೆ ಗಿರಾಕಿಗೇ ವಾಪಸ್. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಹಗಲೆಲ್ಲಾ ಕರೆಂಟ್ ಇಲ್ಲದೆ ರಾತ್ರಿ ಬರುತ್ತೆ, ಆಗ ಮಿಷನ್ ಹತ್ತಬೇಕು ಅನ್ಸುತ್ತೆ. ಬೇಡ. ಹುಕ್ಕು, ಹೆಮ್ಮಿಂಗು, ಕಾಜ ಇವನ್ನ ಕರೆಂಟ್ ಹೋದ ಹೊತ್ತಿಗೇ ಅಂತ ಎತ್ತಿಡಿ. ಸಂಜೆ ಆರರ ಕಾಫಿಯನ್ನೂ ಬಿಡಿ, ಅದರ ಕೆಫೀನು ರಾತ್ರಿ ಹನ್ನೊಂದಕ್ಕೂ ಹೆಚ್ಚುಕಮ್ಮಿ ಅರ್ಧ ಮೈಯಲ್ಲೇ ಇರುತ್ತೆ.

ಅಂದ ಹಾಗೆ, ಈ ಲೆಕ್ಕದ ಪಟ್ಟಿ ವಿಡಿಯೋ ಕೆಳಗಿನ ಲಿಂಕಲ್ಲಿದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಇಳಿಸ್ಕೊಳ್ಳಿ, ದುಡ್ಡಿಲ್ಲ.

ಇನ್ನು ಅಡಿಕೆ ಸುಲಿಯೋ ಮಿಷನ್ ಇಟ್ಟವರು ಹೇಳ್ತಾರೆ, "ಕೊಯ್ದ ಅಡಿಕೆ ಕಾಯೋದಿಲ್ಲ" ಅಂತ. ನಿಜ. ಹಸಿ ಅಡಿಕೆ ರಾಶಿ ಬಿಟ್ರೆ ಬಿಸಿಯೇರಿ ಬಣ್ಣ ಕೆಡುತ್ತೆ, ಬೇಗ ಸುಲಿದು ಬೇಯಿಸಲೇಬೇಕು. ಹಾಗಂತ ಹದಿನಾರು ಗಂಟೆ ನೀವೊಬ್ಬರೇ ಬ್ಲೇಡಿನ ಮುಂದೆ ನಿಲ್ಲಬೇಕಾ? ತೂಕಡಿಸಿದ್ರೆ ಹೋಗೋದು ಬೆರಳು. ಎರಡನೇ ಆಪರೇಟರ್ ಇಡಿ, ಆತನ ಕೂಲಿ ಕೇಜಿ ರೇಟಿಗೆ ಸೇರಿಸಿ. ಸೀಸನ್ ಮುಗಿದ ಮೇಲಿನ ಹದಿನೈದು ದಿನದ ವಿಶ್ರಾಂತಿಯನ್ನೂ ಸೇರಿಸಿ. ರೇಟಿನೊಳಗೆ ಸೇರಿಸಿ ಅಂತಿದ್ದೀನಿ!

"ನಮ್ಮಪ್ಪನೂ ಹೀಗೇ ದುಡಿದ್ರು" ಅನ್ನೋರಿಗೆ ಉತ್ತರ ಕೊಡೋಕೆ ಹೋಗೋದಿಲ್ಲ. ಅಪ್ಪನ ಮೊಣಕಾಲು ಈಗ ಹೇಗಿದೆ, ಹೋಗಿ ಕೇಳಿ.

ಪಕ್ಕದ ಅಂಗಡಿಗೆ ಹೋಗ್ತಾರಂತೆ! ಹೋಗ್ಲಿ ಬಿಡ್ರಿ. 150ಕ್ಕೆ ಹೊಲಿಸೋರು ಅಲ್ಲಿಗೆ ಹೋದಷ್ಟೂ ನಿಮ್ಮ ಭಾನುವಾರ ನಿಮ್ಮದು. ರಜೆ ರೇಟಿನೊಳಗೆ ಇರಲಿ, ನಿದ್ದೆ ರೇಟಿನೊಳಗೆ ಇರಲಿ, ಜ್ವರ ರೇಟಿನೊಳಗೆ ಇರಲಿ! ನಿಮ್ಮ ಕಸುಬು, ತಿಂಗಳ ಖರ್ಚು, ಕೈಗೆ ಸಿಗೋ ಗಂಟೆ, ಈ ಮೂರನ್ನ ಕೆಳಗೆ ಬರೀರಿ. ಮುಂದಿನ ವಾರ ಟೂವೀಲರ್ ಗ್ಯಾರೇಜಿನ ರೇಟು ಕೂತು ಮಾಡೋಣ, ಪುಸ್ತಕ ಪೆನ್ನು ತಗೊಂಡು ಬನ್ನಿ.