ಹಳೆಯ ಬ್ಯಾಟರಿಯ ಪಕ್ಕದಲ್ಲಿ ಹೊಸ ಬ್ಯಾಟರಿ

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಹುಳು ಸಾಕಣೆ ಮನೆಗಳಲ್ಲಿ ರಾತ್ರಿ ಸೊಪ್ಪು ಹಾಕುವ ಹೊತ್ತಿಗೆ ಕರೆಂಟು ಹೋದರೆ ಕೆಲಸ ನಿಲ್ಲಬಾರದೆಂದು ಯುಪಿಎಸ್ಸನ್ನೋ ಸೋಲಾರನ್ನೋ ಹಾಕಿಸಿಕೊಂಡಿರುವವರಿದ್ದಾರೆ. ಸೀಸ ಮತ್ತು ಆಮ್ಲದಿಂದ ನಡೆಯುವ ಹಳೆಯ ಟ್ಯೂಬ್ಯುಲರ್ ಬ್ಯಾಟರಿ ಸೋಲತೊಡಗಿದಾಗ ಅವರಿಗೆ ಬರುವ ಮೊದಲ ಯೋಚನೆಯೆಂದರೆ, ಇದು ಇರುವಷ್ಟು ದಿನ ಇರಲಿ, ಪಕ್ಕದಲ್ಲೇ ಒಂದು ಲಿಥಿಯಂ ಬ್ಯಾಟರಿಯನ್ನು ಸೇರಿಸಿಬಿಡೋಣ ಎಂಬುದು. ಎರಡರ ಮೇಲೂ 12 ವೋಲ್ಟ್ ಎಂದೇ ಬರೆದಿರುವುದರಿಂದ ಈ ಯೋಚನೆ ಸಹಜವೇ. ಆದರೆ ಅವೆರಡನ್ನೂ ಒಂದೇ ತಂತಿಗೆ ಕಟ್ಟುವುದು ಸರಿಯಲ್ಲ.

ಸೀಸ ಮತ್ತು ಆಮ್ಲದ ಬ್ಯಾಟರಿಯಲ್ಲಿ ತಲಾ 2 ವೋಲ್ಟಿನ ಆರು ಕೋಶಗಳಿರುತ್ತವೆ. ಪೂರ್ತಿ ತುಂಬಿ ಸ್ವಲ್ಪ ಹೊತ್ತು ಸುಮ್ಮನಿದ್ದಾಗ ಅದು 12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.2ರ ಹತ್ತಿರಕ್ಕೆ ಇಳಿಯುತ್ತದೆ. ಮನೆಗಳಿಗೆ ಬರುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ತಲಾ 3.2 ವೋಲ್ಟಿನ ನಾಲ್ಕು ಕೋಶಗಳಿದ್ದು, ಬಹುಪಾಲು ಖಾಲಿಯಾಗುವವರೆಗೂ ಅದು 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡನ್ನೂ ಸಮಾಂತರವಾಗಿ, ಅಂದರೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ಜೋಡಿಸಿದರೆ ದುಡಿಮೆಯೆಲ್ಲ ಲಿಥಿಯಮ್ಮಿನ ಪಾಲಿಗೆ ಬೀಳುತ್ತದೆ. ಅಷ್ಟೇ ಅಲ್ಲ, ಪಕ್ಕದ ಸೀಸದ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಇಡುವುದಕ್ಕೂ ಅದರ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಹರಿದುಹೋಗುತ್ತಲೇ ಇರುತ್ತದೆ. ಚಾರ್ಜಿಂಗಿನಲ್ಲೂ ಇವು ಒಂದಕ್ಕೊಂದು ಹೊಂದುವುದಿಲ್ಲ: ಸೀಸದ ಬ್ಯಾಟರಿಗೆ ಆಗಾಗ ಎಲ್ಲ ಕೋಶಗಳನ್ನೂ ಒಂದೇ ಮಟ್ಟಕ್ಕೆ ತರಲು 15 ವೋಲ್ಟಿಗೂ ಮೇಲೆ ಕೊಡಬೇಕಾಗುವ ಸಮೀಕರಣ ಚಾರ್ಜು ಲಿಥಿಯಮ್ಮಿಗೆ ಹಾನಿಕರ.

ಸರಣಿ ಜೋಡಣೆಯಂತೂ ಇನ್ನೂ ಅಪಾಯದ್ದು. 24 ವೋಲ್ಟಿನ ಯುಪಿಎಸ್‌ಗೆ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿದಾಗ ಎರಡರಲ್ಲೂ ಒಂದೇ ಪ್ರಮಾಣದ ವಿದ್ಯುತ್ ಹರಿಯುವುದರಿಂದ, ಶಕ್ತಿ ಕುಂದಿದ್ದು ಮೊದಲು ಬರಿದಾಗಿ, ಆಮೇಲೂ ಎಳೆದರೆ ಅದರ ಕೋಶಗಳು ಉಲ್ಟಾ ಚಾರ್ಜಾಗಿ ಕೆಡುತ್ತವೆ. ಹೀಗಾಗಿ ಒಂದೇ ಜಾತಿಯವಾದರೂ ಜೋಡಿಯಲ್ಲಿ ಒಂದನ್ನು ಮಾತ್ರ ಬದಲಿಸುವುದು ಉಳಿತಾಯವೇನಲ್ಲ.

ಈ ಇಕ್ಕಟ್ಟು ಇನ್ನೂ ಬಿಗಿಯಾಗಿರುವುದು ಸಮುದ್ರದ ಹಾಯಿದೋಣಿಗಳಲ್ಲಿ. ಅಲ್ಲಿ ಇಂಜಿನ್ ಚಾಲೂ ಮಾಡುವ ಬ್ಯಾಟರಿಯೇ ಬೇರೆ, ದೀಪ, ರೇಡಿಯೊ, ಫ್ರಿಜ್ಜುಗಳನ್ನು ನಡೆಸುವ ಬ್ಯಾಟರಿಯೇ ಬೇರೆ. ಮೊದಲನೆಯದು ಕೆಲವೇ ಸೆಕೆಂಡು ಭಾರಿ ವಿದ್ಯುತ್ ಕೊಡಬೇಕಾದ್ದರಿಂದ ಅದರ ತಗಡುಗಳು ತೆಳುವಾಗಿರುತ್ತವೆ, ಎರಡನೆಯದರಲ್ಲಿ ದಪ್ಪ. ಒಂದು ಸೀಸದ್ದು, ಇನ್ನೊಂದು ಲಿಥಿಯಮ್ಮಿನದಾದರೆ ನಡುವೆ, ಒಂದರಿಂದ ಇನ್ನೊಂದಕ್ಕೆ ಮಿತಿಯಲ್ಲಿ ವಿದ್ಯುತ್ ಹರಿಸುವ ಡಿಸಿ-ಡಿಸಿ ಚಾರ್ಜರ್ ಒಂದನ್ನು ಇಡುತ್ತಾರೆ. ಇಲ್ಲದಿದ್ದರೆ ಲಿಥಿಯಂ ಮಿತಿಮೀರಿ ಎಳೆದು ಇಂಜಿನ್ನಿನಲ್ಲಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರನ್ನೇ ಸುಟ್ಟೀತು. ನಮ್ಮಲ್ಲಿ ಟ್ರಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ ತಂದು ರಾತ್ರಿಯಿಡೀ ಫ್ಯಾನು ಓಡಿಸಬಾರದು ಎನ್ನುವುದಕ್ಕೂ, ಬಹುಪಾಲು ಖಾಲಿಮಾಡುತ್ತಿದ್ದರೆ ಬೇಗ ಕೆಡುವ ಆ ತೆಳು ತಗಡುಗಳೇ ಕಾರಣ.

ಇನ್ನು ಆಯ್ಕೆಯ ಮಾತು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸದ್ದಾದರೆ ಅರ್ಧಕ್ಕಿಂತ ಹೆಚ್ಚು ಬಳಸದಿರುವುದು ಬಾಳಿಕೆಗೆ ಒಳ್ಳೆಯದು. ಲಿಥಿಯಮ್ಮಿನಲ್ಲಿ ನೂರಕ್ಕೆ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪಕ್ಕೆ ಯುಪಿಎಸ್ಸಿನ ನಷ್ಟವೂ ಸೇರಿ 200 ವ್ಯಾಟ್ ಎಂದುಕೊಂಡರೆ, ಸೀಸದ್ದು ನಾಲ್ಕೂವರೆ ಗಂಟೆ, ಲಿಥಿಯಂ ಏಳು ಗಂಟೆ. ಕರೆಂಟು ಯಾವಾಗಲೋ ಒಂದೆರಡು ಗಂಟೆ ಹೋಗುವ ಮನೆಗೆ ಟ್ಯೂಬ್ಯುಲರೇ ಸಾಕು. ಸೋಲಾರಿನಿಂದ ದಿನವೂ ತುಂಬಿ ದಿನವೂ ಖಾಲಿ ಮಾಡುವವರು ಮಾತ್ರ ಲಿಥಿಯಮ್ಮಿಗೆ ಹೆಚ್ಚಿನ ಹಣ ಹಾಕುವುದು ನ್ಯಾಯ.

ಟ್ಯೂಬ್ಯುಲರ್ ಇಟ್ಟುಕೊಳ್ಳುವವರು ಅದಕ್ಕೆ ಆಗಾಗ ತುಂಬುವ ನೀರಿನ ವಿಷಯದಲ್ಲಿ ಎಚ್ಚರವಾಗಿರಬೇಕು. ಸ್ನಾನದ ಹಂಡೆಯೊಳಗೆ ಬಿಳಿ ಪದರ ಕಟ್ಟಿಸುವ ನಮ್ಮ ಬೋರ್‌ವೆಲ್ ನೀರಿನ ಲವಣಗಳು ಬ್ಯಾಟರಿಗೂ ಕೇಡು. ಊರಿನ ಶುದ್ಧ ನೀರಿನ ಘಟಕದ ನೀರು ಕುಡಿಯಲು ಯೋಗ್ಯವಾದರೂ ಅದು ಬ್ಯಾಟರಿಗೆ ಬೇಕಾದ ಬಟ್ಟಿ ಇಳಿಸಿದ ನೀರಲ್ಲ. ಚಾರ್ಜಾಗುವಾಗ ಹೊರಡುವ ಜಲಜನಕ ಕಿಡಿ ತಗುಲಿದರೆ ಸಿಡಿಯಬಲ್ಲದು. ಆದ್ದರಿಂದ ಗಾಳಿಯಾಡುವ ಜಾಗವೇ ಬೇಕು.

ಎರಡು ಜಾತಿಯವನ್ನೂ ಉಳಿಸಿಕೊಳ್ಳಲೇಬೇಕೆಂದರೆ ಪ್ರತಿಯೊಂದಕ್ಕೂ ಅದರದೇ ಚಾರ್ಜರ್ ಇರಲಿ, ನಡುವೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ ಒಮ್ಮೆಗೆ ಒಂದನ್ನೇ ಬಳಸಿ. ಖರೀದಿಗೆ ಮುನ್ನ ನಿಮ್ಮ ಯುಪಿಎಸ್ಸಿನಲ್ಲಿ ಲಿಥಿಯಂ ಆಯ್ಕೆ ಇದೆಯೇ ಎಂದು ನೋಡಿಸಿ. ಇಲ್ಲವಾದರೆ ಬ್ಯಾಟರಿಯ ಜೊತೆಗೆ ಅದನ್ನೂ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ನಮಸ್ಕಾರ.