ಕ್ಯಾನ್ಸರ್ ತಂತ್ರಜ್ಞಾನ, ಸಣ್ಣ ಕಂಪನಿ ಮತ್ತು ಸರ್ಕಾರದ ಅನುದಾನ

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆಗೆ ಬೇಕಾದ ಹೊಸ ಔಷಧ, ಹೊಸ ತಪಾಸಣೆ, ಹೊಸ ಉಪಕರಣಗಳಲ್ಲಿ ಎಷ್ಟೋ ಮೊದಲು ಮೊಳೆಯುವುದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಅವು ಕೊನೆಗೆ ಮಾರುಕಟ್ಟೆಗೆ ಬರುವುದು ಬಹುಪಾಲು ದೊಡ್ಡ ಕಂಪನಿಗಳ ಹೆಸರಿನಲ್ಲಿ. ಈ ಎರಡರ ನಡುವಿನ ದಾರಿಯನ್ನು ಸವೆಸುವವರು ಹತ್ತಿಪ್ಪತ್ತು ಜನ ಸೇರಿ ಕಟ್ಟಿಕೊಂಡ ಸಣ್ಣ ಕಂಪನಿಗಳವರು. ಹಣ ಬತ್ತಿಹೋಗುವುದೂ ಈ ನಡುದಾರಿಯಲ್ಲೇ. ಸಂಶೋಧನೆಗೆಂದು ಸಿಕ್ಕ ಧನಸಹಾಯ ಪ್ರಬಂಧವೊಂದು ಪ್ರಕಟವಾಗುವ ಹೊತ್ತಿಗೆ ಮುಗಿದಿರುತ್ತದೆ. ಬಂಡವಾಳ ಹೂಡುವವರು ಮನುಷ್ಯರ ಮೇಲಿನ ಪರೀಕ್ಷೆಯ ಫಲಿತಾಂಶ ತೋರಿಸಿ ಎನ್ನುತ್ತಾರೆ, ಆದರೆ ಆ ಪರೀಕ್ಷೆ ನಡೆಸುವುದಕ್ಕೇ ಬಂಡವಾಳ ಬೇಕು. ಈ ಬಿಕ್ಕಟ್ಟಿಗೆ ಅಮೆರಿಕ ಸಂಯುಕ್ತ ಸಂಸ್ಥಾನ ನಲವತ್ತು ವರ್ಷಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತು. ಆ ಉತ್ತರದ ಬಲವೇನು, ಅದು ಎಡವುವುದೆಲ್ಲಿ ಎಂಬುದೇ ಇಂದಿನ ಮಾತು.

ಅದರ ಬೀಜ ಬಿದ್ದದ್ದು 1977ರಲ್ಲಿ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿದ್ದ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ, ಸಣ್ಣ ಕಂಪನಿಗಳ ಹೊಸ ಯೋಚನೆಗಳಿಗೆ ಹಂತಹಂತವಾಗಿ ಹಣ ಕೊಡುವ ಯೋಜನೆಯೊಂದನ್ನು ರೂಪಿಸಿ ನಡೆಸಿದರು. ಐದು ವರ್ಷಗಳ ಬಳಿಕ, 1982ರ ಜುಲೈ 22ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯಿದೆ ಅದನ್ನು ಒಕ್ಕೂಟ ಸರ್ಕಾರದ ಇತರ ಇಲಾಖೆಗಳಿಗೂ ವಿಸ್ತರಿಸಿತು. ಸಣ್ಣ ಉದ್ಯಮ ನಾವೀನ್ಯ ಸಂಶೋಧನಾ ಕಾರ್ಯಕ್ರಮ ಎಂಬ ಉದ್ದನೆಯ ಹೆಸರಿನ ಇದನ್ನು ಎಲ್ಲರೂ ಎಸ್‌ಬಿಐಆರ್ ಎಂದೇ ಕರೆಯುತ್ತಾರೆ. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರಿಗಿಂತ ಹೆಚ್ಚು ವೆಚ್ಚ ಮಾಡುವ ಪ್ರತಿಯೊಂದು ಇಲಾಖೆಯೂ ಆ ಹಣದಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆಂದೇ ತೆಗೆದಿರಿಸಬೇಕೆಂಬುದು ಕಾಯಿದೆಯ ತಿರುಳು. ಮೊದಲಲ್ಲಿ ತೀರಾ ಕಡಿಮೆಯಿದ್ದ ಆ ಪಾಲು ಬೆಳೆಯುತ್ತ 2017ರ ಹೊತ್ತಿಗೆ ನೂರಕ್ಕೆ 3.2ಕ್ಕೆ ಮುಟ್ಟಿತು. ಕಂಪನಿಯೂ ವಿಶ್ವವಿದ್ಯಾಲಯವೂ ಜೊತೆಗೂಡಿ ಮಾಡುವ ಕೆಲಸಕ್ಕೆಂದು 1992ರಲ್ಲಿ ಎಸ್‌ಟಿಟಿಆರ್ ಎಂಬ ಸೋದರ ಕಾರ್ಯಕ್ರಮ ಹುಟ್ಟಿತು. ಅದಕ್ಕೆ ಮೀಸಲಾದದ್ದು ನೂರಕ್ಕೆ 0.45ರಷ್ಟು.

ಇವೇನು ದೊಡ್ಡ ಅಂಕಿಗಳು ಎನಿಸಬಹುದು. ಆದರೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ, ಅಂದರೆ ಎನ್‌ಐಎಚ್‌ನ, ಅಂಗಗಳಲ್ಲಿ ಅತಿ ದೊಡ್ಡದಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಆಯವ್ಯಯ ಇತ್ತೀಚಿನ ವರ್ಷಗಳಲ್ಲಿ 700 ಕೋಟಿ ಡಾಲರನ್ನು ದಾಟಿದೆ. ಅದರ ಸಂಶೋಧನಾ ಭಾಗದಲ್ಲಿ ನೂರಕ್ಕೆ ಮೂರೂ ಚಿಲ್ಲರೆ ಎಂದರೂ ವರ್ಷಕ್ಕೆ 15 ಕೋಟಿ ಡಾಲರಿಗೂ ಮಿಗಿಲಾದ ಮೊತ್ತ ಕ್ಯಾನ್ಸರ್ ತಂತ್ರಜ್ಞಾನದ ಸಣ್ಣ ಕಂಪನಿಗಳಿಗೆ ಹೋಗುತ್ತದೆ. ಸಂಸತ್ತಿನ ಒಲವು ಬದಲಾದರೂ, ಇಲಾಖೆಯ ಮುಖ್ಯಸ್ಥರು ಬದಲಾದರೂ, ಕಾಯಿದೆ ಜಾರಿಯಲ್ಲಿರುವವರೆಗೆ ಈ ಪಾಲನ್ನು ಬೇರೆ ಬಾಬ್ತಿಗೆ ತಿರುಗಿಸಲು ಬರುವುದಿಲ್ಲ. ಇಡೀ ಕಾರ್ಯಕ್ರಮದಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ತೋರುವುದು ಈ ಕಟ್ಟುಪಾಡು.

ಹಣ ಪಡೆಯಲು ಯಾರು ಅರ್ಹರು? ಕಂಪನಿ ಲಾಭದ ಉದ್ದೇಶದ್ದಾಗಿರಬೇಕು, ಅಮೆರಿಕದಲ್ಲಿ ನೆಲೆಸಿರಬೇಕು, ಸಹೋದರ ಕಂಪನಿಗಳನ್ನೂ ಸೇರಿಸಿ ನೌಕರರ ಸಂಖ್ಯೆ 500ನ್ನು ಮೀರಬಾರದು. ಒಡೆತನದ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲಿನ ನಾಗರಿಕರ ಅಥವಾ ಕಾಯಂ ನಿವಾಸಿಗಳ ಕೈಯಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ಎಸ್‌ಬಿಐಆರ್ ಅಡಿಯಲ್ಲಿ ಯೋಜನೆಯ ಮುಖ್ಯ ಸಂಶೋಧಕರ ಮುಖ್ಯ ಉದ್ಯೋಗ ಕಂಪನಿಯಲ್ಲೇ ಇರಬೇಕು. ಪ್ರಾಧ್ಯಾಪಕ ಹುದ್ದೆಯನ್ನು ಬಿಡಲೊಲ್ಲದ ವಿಜ್ಞಾನಿಗೆ ಇದೇ ತೊಡಕು. ಅಂಥವರಿಗೆ ಎಸ್‌ಟಿಟಿಆರ್ ಬಾಗಿಲು ತೆರೆದಿದೆ. ಅಲ್ಲಿ ಕೆಲಸದ ಕನಿಷ್ಠ ನೂರಕ್ಕೆ 40 ಭಾಗವನ್ನು ಕಂಪನಿಯೂ ಕನಿಷ್ಠ 30 ಭಾಗವನ್ನು ಸಂಶೋಧನಾ ಸಂಸ್ಥೆಯೂ ಮಾಡಬೇಕು.

ಇಂಥ ಹಣದಿಂದ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ತನವನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ, ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಇವೆಯೋ ಇಲ್ಲವೋ ಎಂಬುದು ರೋಗಶಾಸ್ತ್ರದ ವರದಿ ಬಂದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಗಾಯಕ್ಕೆ ಹೊಲಿಗೆ ಬಿದ್ದು, ರೋಗಿ ಮನೆ ಸೇರಿ, ಕೆಲವು ದಿನಗಳೇ ಕಳೆದಿರುತ್ತವೆ. ಕೋಶಗಳು ಉಳಿದಿವೆ ಎಂದು ವರದಿ ಬಂದರೆ ಆಕೆ ಮತ್ತೆ ಶಸ್ತ್ರಚಿಕಿತ್ಸೆಗೆ ಮೈಯೊಡ್ಡಬೇಕು. ಮ್ಯಾಸಚೂಸೆಟ್ಸ್‌ನ ಲೂಮಿಸೆಲ್ ಎಂಬ ಸಣ್ಣ ಕಂಪನಿ ಈ ಕೊರತೆಯ ಬೆನ್ನು ಹತ್ತಿತು. ಅವರು ರೂಪಿಸಿದ ಪೆಗುಲಿಸಿಯಾನಿನ್ ಎಂಬ ದ್ರವ್ಯವನ್ನು ಶಸ್ತ್ರಚಿಕಿತ್ಸೆಗೆ ಎರಡರಿಂದ ಆರು ಗಂಟೆ ಮುಂಚೆ ರಕ್ತನಾಳಕ್ಕೆ ಕೊಡುತ್ತಾರೆ. ಗಡ್ಡೆಯಲ್ಲಿ ಹೆಚ್ಚಾಗಿ ಚಟುವಟಿಕೆಯಿಂದಿರುವ ಕೆಲವು ಕಿಣ್ವಗಳು ಅದನ್ನು ಕತ್ತರಿಸಿದಾಗ ಅದು ಬೆಳಕು ಹೊಮ್ಮಿಸುವ ಸ್ಥಿತಿಗೆ ಬರುತ್ತದೆ. ಗಡ್ಡೆ ತೆಗೆದ ನಂತರ ಉಳಿದ ಕುಳಿಯೊಳಗೆ ವೈದ್ಯರು ಕೈಯಲ್ಲಿ ಹಿಡಿಯುವ ಶೋಧಕವೊಂದನ್ನು ಇಳಿಸಿ ಗೋಡೆಗಳನ್ನು ಒಂದೊಂದಾಗಿ ನೋಡುತ್ತಾರೆ. ಅನುಮಾನದ ಜಾಗ ಪರದೆಯ ಮೇಲೆ ಕಾಣುತ್ತದೆ, ಅಲ್ಲಿಂದ ಇನ್ನೊಂದು ಪದರವನ್ನು ಅದೇ ಮೇಜಿನ ಮೇಲೆ, ಅದೇ ಅರಿವಳಿಕೆಯಲ್ಲಿ ತೆಗೆಯಬಹುದು. 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 357 ಮಹಿಳೆಯರ ಪೈಕಿ 27 ಮಂದಿಯಲ್ಲಿ, ಮಾಮೂಲು ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಉಳಿದಿದ್ದ ಕ್ಯಾನ್ಸರನ್ನು ಈ ವಿಧಾನದಿಂದ ಕಂಡು ತೆಗೆಯಲಾಯಿತು. 2024ರ ಏಪ್ರಿಲ್‌ನಲ್ಲಿ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮೋದನೆ ನೀಡಿತು. ಈ ದ್ರವ್ಯದಿಂದ ತೀವ್ರ ಅಲರ್ಜಿಯ ಅಪಾಯವಿದೆ, ಅದಕ್ಕೆ ಕಟ್ಟೆಚ್ಚರಿಕೆಯ ಸೂಚನೆಯೂ ಇದೆ ಎಂಬುದನ್ನು ಮರೆಯದೆ ಹೇಳಬೇಕು. ಈ ಕೆಲಸದ ಬೆನ್ನಿಗೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಸ್‌ಬಿಐಆರ್ ಅನುದಾನ ನಿಂತಿತ್ತು.

ಅನುದಾನ ಬರುವುದು ಹಂತಗಳಲ್ಲಿ. ಯೋಚನೆ ಸಾಧ್ಯವೇ ಎಂದು ತೋರಿಸುವುದು ಮೊದಲ ಹಂತ. ಅದಕ್ಕೆ ಆರು ತಿಂಗಳಿಂದ ಒಂದು ವರ್ಷದ ಅವಧಿ, ಮೂರು ನಾಲ್ಕು ಲಕ್ಷ ಡಾಲರ್ ಆಸುಪಾಸಿನ ಹಣ. ಎರಡನೆಯ ಹಂತಕ್ಕೆ ಸುಮಾರು ಎರಡು ವರ್ಷ ಮತ್ತು 20 ಲಕ್ಷ ಡಾಲರ್ ಆಸುಪಾಸು. ಮೂರನೆಯ ಹಂತವೆಂದರೆ ಮಾರುಕಟ್ಟೆ. ಅದಕ್ಕೆ ಈ ಕಾರ್ಯಕ್ರಮ ಹಣ ಕೊಡುವುದಿಲ್ಲ. ಇದು ಸಾಲವಲ್ಲವಾದ್ದರಿಂದ ತೀರಿಸುವ ಪ್ರಶ್ನೆಯಿಲ್ಲ. ಸರ್ಕಾರ ಷೇರು ಕೇಳುವುದಿಲ್ಲ, ಆಡಳಿತ ಮಂಡಳಿಯಲ್ಲಿ ಕುರ್ಚಿಯನ್ನೂ ಕೇಳುವುದಿಲ್ಲ. 1980ರ ಬೇ-ಡೋಲ್ ಕಾಯಿದೆಯ ಪ್ರಕಾರ ಆವಿಷ್ಕಾರದ ಹಕ್ಕು ಕಂಪನಿಯಲ್ಲೇ ಉಳಿಯಬಹುದು. ಸರ್ಕಾರದ ಬಳಕೆಗೆ ಮಾತ್ರ ಅನುಮತಿ ಕೊಡಬೇಕಾಗುತ್ತದೆ. ವೆಚ್ಚದ ಮೇಲೆ ನೂರಕ್ಕೆ 7ರವರೆಗೆ ಲಾಭಾಂಶವನ್ನು ಸೇರಿಸಿ ಕೇಳಲೂ ಎನ್‌ಐಎಚ್ ಒಪ್ಪುತ್ತದೆ. ಪೇಟೆಂಟ್ ವಕೀಲರ ಶುಲ್ಕದಂಥ, ಸಂಶೋಧನೆಯ ಲೆಕ್ಕಕ್ಕೆ ಸೇರದ ಖರ್ಚುಗಳನ್ನು ಕಂಪನಿಗಳು ಹೆಚ್ಚಾಗಿ ತೂಗಿಸಿಕೊಳ್ಳುವುದು ಅದರಿಂದಲೇ. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಹೂಡಿಕೆದಾರರ ಬಳಿಗೆ ಹೋದವರು ಕಂಪನಿಯ ದೊಡ್ಡ ಭಾಗವನ್ನು ಅಗ್ಗಕ್ಕೆ ಒಪ್ಪಿಸಿ ಬರಬೇಕಾಗುತ್ತದೆ. ಅದೇ ಮಾತುಕತೆ ಪ್ರಾಣಿಗಳ ಮೇಲಿನ ಫಲಿತಾಂಶವೋ ಮೊದಲ ರೋಗಿಗಳ ಫಲಿತಾಂಶವೋ ಕೈಗೆ ಬಂದ ಮೇಲೆ ನಡೆದರೆ ಅದರ ಧಾಟಿಯೇ ಬೇರೆ.

ಎರಡನೆಯ ಹಂತ ಮುಗಿದರೂ ಔಷಧವೊಂದು ಅನುಮೋದನೆಯಿಂದ ಬಹುದೂರದಲ್ಲಿರುತ್ತದೆ ಎಂಬುದನ್ನು ಕ್ಯಾನ್ಸರ್ ಸಂಸ್ಥೆ ಬೇಗ ಮನಗಂಡಿತು. 2008ರ ಸುಮಾರಿಗೆ ಅದು ಆರಂಭಿಸಿದ ಸೇತುವೆ ಅನುದಾನ ಈ ಕಂದಕಕ್ಕೆಂದೇ ರೂಪುಗೊಂಡದ್ದು. ಮೂರು ವರ್ಷಗಳವರೆಗೆ ಸಿಗುವ ಈ ದೊಡ್ಡ ಮೊತ್ತಕ್ಕೆ ಅರ್ಜಿ ಹಾಕುವ ಕಂಪನಿ, ತಾನೂ ಹೊರಗಿನ ಹೂಡಿಕೆದಾರರಿಂದ ಸರಿಸಮ ಹಣ ತರುವುದಾಗಿ ತೋರಿಸಿದರೆ ಅದರ ಅರ್ಜಿಗೆ ತೂಕ ಬರುತ್ತದೆ. ಫ್ಲಾರಿಡಾದ ಆಲ್ಟರ್ ಬಯೋಸೈನ್ಸ್ ಎಂಬ ಕಂಪನಿ ರೋಗನಿರೋಧಕ ಕೋಶಗಳನ್ನು ಹುರಿದುಂಬಿಸುವ ಒಂದು ಪ್ರೋಟೀನನ್ನು ಕ್ಯಾನ್ಸರ್ ಸಂಸ್ಥೆಯ ಎಸ್‌ಬಿಐಆರ್ ನೆರವಿನೊಂದಿಗೆ ಬೆಳೆಸಿತು. ಕಂಪನಿ ಆಮೇಲೆ ಬೇರೊಂದು ಸಂಸ್ಥೆಯಲ್ಲಿ ಸೇರಿಹೋಯಿತು. ಆ ಔಷಧ ಮಾತ್ರ ಆಂಕ್ಟಿವಾ ಎಂಬ ಹೆಸರಿನಲ್ಲಿ, ಬಿಸಿಜಿ ಚಿಕಿತ್ಸೆಗೆ ಬಗ್ಗದ ಒಂದು ಬಗೆಯ ಮೂತ್ರಕೋಶದ ಕ್ಯಾನ್ಸರಿಗೆ, 2024ರ ಏಪ್ರಿಲ್‌ನಲ್ಲಿ ಅನುಮೋದನೆ ಪಡೆಯಿತು.

ಇನ್ನು ಅರ್ಜಿಯ ವಿಚಾರ. ಮೊದಲ ಹಂತದ ಅರ್ಜಿಯಲ್ಲಿ ಸಂಶೋಧನೆಯ ವಿವರಣೆಗೆ ಆರು ಪುಟ, ಎರಡನೆಯ ಹಂತಕ್ಕೆ ಹನ್ನೆರಡು; ಉದ್ದೇಶಗಳನ್ನು ಹೇಳಲು ಒಂದೇ ಪುಟ. ಆ ಒಂದು ಪುಟದ ಮೇಲೆ ಬಹಳಷ್ಟು ನಿಂತಿದೆ, ಏಕೆಂದರೆ ಅರ್ಜಿ ಹೋಗುವ ಪರಿಶೀಲನಾ ಮಂಡಳಿಯಲ್ಲಿ ಕೆಲವರು ಮಾತ್ರ ಅದನ್ನು ಆಮೂಲಾಗ್ರವಾಗಿ ಓದಿರುತ್ತಾರೆ, ಅಂಕ ಕೊಡುವವರಾದರೋ ಎಲ್ಲರೂ. ಅಂಕ 10ರಿಂದ 90ರವರೆಗೆ, ಕಡಿಮೆಯಾದಷ್ಟೂ ಒಳ್ಳೆಯದು. ಬಿದ್ದುಹೋಗುವ ಅರ್ಜಿಗಳಲ್ಲಿ ಹಲವು ವಿಜ್ಞಾನದಲ್ಲಿ ಕಳಪೆಯಾಗಿರುವುದಿಲ್ಲ. ಈ ತಪಾಸಣೆಯನ್ನು ಯಾವ ವೈದ್ಯರು, ಯಾವ ರೋಗಿಗೆ, ಯಾವ ಘಟ್ಟದಲ್ಲಿ ಬರೆದುಕೊಡುತ್ತಾರೆ, ಅದರ ವೆಚ್ಚವನ್ನು ವಿಮೆ ಭರಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಬಿದ್ದಿರುತ್ತವೆ. ಎರಡನೆಯ ಹಂತದ ಅರ್ಜಿಗೆ ಹನ್ನೆರಡು ಪುಟಗಳ ವ್ಯಾಪಾರ ಯೋಜನೆ ಕಡ್ಡಾಯವಾಗಿರುವುದು ಈ ಕಾರಣಕ್ಕೆ. ವಿಜ್ಞಾನಿಗಳನ್ನು ಪ್ರಯೋಗಾಲಯದಿಂದ ಹೊರಗೆ ಕಳಿಸಿ, ತಮ್ಮ ಸಾಧನವನ್ನು ಬಳಸಬೇಕಾದವರನ್ನೇ ಭೇಟಿಮಾಡಿಸುವ ಐ-ಕೋರ್ ಎಂಬ ತರಬೇತಿಯನ್ನೂ ಎನ್‌ಐಎಚ್ 2014ರಲ್ಲಿ ಆರಂಭಿಸಿತು. ಅಂಕ ಎಷ್ಟೇ ಬಂದಿರಲಿ, ಪರಿಶೀಲಕರ ಲಿಖಿತ ಟೀಕೆ ಅರ್ಜಿದಾರರ ಕೈಸೇರುತ್ತದೆ; ಅದನ್ನು ಓದಿ ತಿದ್ದಿ ಮತ್ತೊಮ್ಮೆ ಸಲ್ಲಿಸಬಹುದು. ನುರಿತ ಪರಿಣತರಿಂದ ಇಂಥ ಟೀಕೆಯನ್ನು ದುಡ್ಡು ಕೊಟ್ಟು ಬರೆಸಿಕೊಳ್ಳುವುದು ಸಣ್ಣ ಕಂಪನಿಗೆ ಎಟುಕುವ ಮಾತಲ್ಲ.

ಈ ಏರ್ಪಾಡಿನ ನಿಜವಾದ ಕೊರತೆ ಕಾಲದ್ದು. ಅರ್ಜಿಗೆ ಮಾಮೂಲಾಗಿ ವರ್ಷಕ್ಕೆ ಮೂರು ಗಡುವು: ಜನವರಿ 5, ಏಪ್ರಿಲ್ 5, ಸೆಪ್ಟೆಂಬರ್ 5. ಸೆಪ್ಟೆಂಬರಿನಲ್ಲಿ ಸಲ್ಲಿಸಿದ ಅರ್ಜಿ ಮಂಡಳಿಯನ್ನೂ ಅದರ ಮೇಲಿನ ಸಲಹಾ ಸಮಿತಿಯನ್ನೂ ದಾಟಿ ಬರುವಷ್ಟರಲ್ಲಿ, ಬೇಗನೆಂದರೆ ಮರುವರ್ಷದ ಏಪ್ರಿಲ್. ತಿದ್ದಿ ಮರುಸಲ್ಲಿಸಿದರೆ ಅಷ್ಟೇ ಕಾಲ ಇನ್ನೊಮ್ಮೆ. ವಿಶ್ವವಿದ್ಯಾಲಯದ ವಿಭಾಗವೊಂದು ಇಷ್ಟು ದಿನ ಕಾಯಬಲ್ಲದು. ಐದಾರು ಜನರಿಗೆ ತಿಂಗಳ ಸಂಬಳ ಕೊಡಬೇಕಾದ ಕಂಪನಿಗೆ ಕಾಯುವ ತಾಕತ್ತು ಎಲ್ಲಿಂದ ಬರಬೇಕು? ಹಂತ ಒಂದು ಮುಗಿದು ಹಂತ ಎರಡು ಕೈಸೇರುವ ನಡುವೆ ಅನುಭವಿ ತಂತ್ರಜ್ಞರು ಬೇರೆ ಕೆಲಸ ಹುಡುಕಿಕೊಂಡು ಹೊರಟರೆ, ಅವರ ಕೈಚಳಕವೂ ಅವರೊಂದಿಗೆ ಹೊರಡುತ್ತದೆ. ಎರಡೂ ಹಂತಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಫಾಸ್ಟ್ ಟ್ರ್ಯಾಕ್ ಮಾರ್ಗ ಈ ಬಿಡುವನ್ನು ಬಹಳಷ್ಟು ಮುಚ್ಚುತ್ತದೆಯಾದರೂ, ಮೊದಲೇ ಗಟ್ಟಿ ಆಧಾರಗಳನ್ನು ಕೂಡಿಟ್ಟುಕೊಂಡವರಿಗಷ್ಟೇ ಅದು ದಕ್ಕುವಂಥದ್ದು.

ಕಾಲದ ಈ ಕೊರತೆಯನ್ನು ಕಾಯಿದೆಯೇ ಇನ್ನಷ್ಟು ಬಿಗಡಾಯಿಸಿದೆ. ಎಸ್‌ಬಿಐಆರ್ ಆರಂಭದಿಂದಲೂ ಅವಧಿ ಗೊತ್ತುಪಡಿಸಿದ ಕಾರ್ಯಕ್ರಮವಾಗಿಯೇ ಬಂದಿದೆ. 2008ರಿಂದ 2011ರವರೆಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಮತ್ತೆ ಮತ್ತೆ ಅಲ್ಪಾವಧಿಗೆ ವಿಸ್ತರಿಸುತ್ತ ನಡೆಸಿತು. 2022ರಲ್ಲಿ ಕೊಟ್ಟ ವಿಸ್ತರಣೆ 2025ರ ಸೆಪ್ಟೆಂಬರ್ 30ಕ್ಕೆ ತೀರಿತು, ಆ ದಿನದೊಳಗೆ ನವೀಕರಣವಾಗಲಿಲ್ಲ. ಅಧಿಕಾರ ತಪ್ಪಿದ ಮೇಲೆ ಇಲಾಖೆಗಳು ಈ ಕಾರ್ಯಕ್ರಮದ ಹೆಸರಿನಲ್ಲಿ ಹೊಸ ಅನುದಾನ ಕೊಡುವಂತಿರಲಿಲ್ಲ. ಹೊಸ ಅಣುವೊಂದನ್ನು ರೋಗಿಯವರೆಗೆ ಮುಟ್ಟಿಸಲು ಹತ್ತು ವರ್ಷವೋ ಇನ್ನೂ ಹೆಚ್ಚೋ ಹಿಡಿಯುವ ಕ್ಷೇತ್ರದಲ್ಲಿ, ಹಣದ ಮೂಲವನ್ನು ಕೆಲವು ವರ್ಷಗಳಿಗೊಮ್ಮೆ ಮತಕ್ಕೆ ಹಾಕಿ ಉಳಿಸಿಕೊಳ್ಳಬೇಕೆಂದರೆ ಅದು ಸರಿಯಾದ ಕ್ರಮವೆಂದು ನಾನು ಒಪ್ಪಲಾರೆ. ಮೀಸಲು ಪ್ರಮಾಣವನ್ನು ಕಾಯಿದೆಯಲ್ಲಿ ಕಟ್ಟಿಹಾಕಿದವರು ಅದರ ಅವಧಿಯನ್ನೂ ಕಾಯಂ ಮಾಡಬೇಕು. ಪರಿಶೀಲನೆ ಬೇಕಿದ್ದರೆ ನಿಗದಿತ ವರ್ಷಗಳಿಗೊಮ್ಮೆ ನಡೆಯಲಿ, ನಿಯಮಗಳು ಬದಲಾಗಲಿ, ದುರ್ಬಳಕೆ ಮಾಡಿದವರು ಹೊರಬೀಳಲಿ. ಅದು ನಡೆಯುತ್ತಿರುವಾಗ, ಅರ್ಧ ದಾರಿಯಲ್ಲಿರುವ ಪರೀಕ್ಷೆಗೆ ಮುಂದಿನ ಕಂತು ಬರುತ್ತದೆಯೋ ಇಲ್ಲವೋ ಎಂಬ ಅನುಮಾನ ಆ ಕಂಪನಿಯನ್ನಾಗಲಿ, ಪರೀಕ್ಷೆಗೆ ಹೆಸರು ಕೊಟ್ಟ ರೋಗಿಗಳನ್ನಾಗಲಿ ಕಾಡದಂತೆ ಏರ್ಪಾಡು ಮಾಡುವುದು ಕಾಂಗ್ರೆಸ್ಸಿನ ಕೈಯಲ್ಲೇ ಇದೆ.